ಘಾಟ್ ಇಳಿದ ಮೇಲೆ ಒಂದು ರಿಂಗ್

ಅಂದು ಸೋಮವಾರ, ಬೆಳಿಗ್ಗೆ. ಹಿರಿಯ ಮಗ ಹಿತ್ತಲಲ್ಲಿ ನಿಂತು ಚಪ್ಪಲಿಗೆ ಮೆತ್ತಿದ್ದ ಕೆಂಪು ಧೂಳು ಬಡಿಯುತ್ತಿದ್ದ. ಸಂಡೂರಿನಿಂದ ಅದಿರು ತರುವ ಲಾರಿಯ ಡ್ರೈವರ್ ಅವನು. ಅಲ್ಲೇ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ, ವಾರಕ್ಕೊಮ್ಮೆ ಚಿತ್ತವಾಡ್ಗಿಯ ನಮ್ಮ ಮನೆಗೆ ಬರುತ್ತಿದ್ದ. ಕಿರಿಯವನು ಇನ್ನೂ ಹಾಸಿಗೆಯಲ್ಲಿದ್ದ. ಓದು ಬಿಟ್ಟ ಮೇಲೆ ಅವನಿಗೆ ನಿದ್ದೆ ಮತ್ತು ತಿರುಗಾಟ, ಎರಡೇ ಕೆಲಸ.

"ಘಾಟ್ ಇಳಿದ ಮ್ಯಾಲ ಒಂದು ರಿಂಗ್ ಕೊಡ್ತೀನವ್ವ. ಎತ್ತಬ್ಯಾಡ ಮತ್ತ," ಎಂದ ಹಿರಿಯವನು. ಹೊರಡುವಾಗಲೆಲ್ಲ ಹೇಳುವ ಮಾತು ಅದು. ಸಂಜೆ ಒಂದು ರಿಂಗ್ ಆಗಿ ನಿಂತರೆ ಅವನು ಕ್ಷೇಮ ಎಂದು ಅರ್ಥ. ಮಾತಾಡೋಣವೆಂದರೆ, "ವಾರಕ್ಕೊಮ್ಮೆ ಬರ್ತೀನಲ್ಲ, ಆವಾಗ ಎಷ್ಟಾದ್ರೂ ಮಾತಾಡು" ಅನ್ನುತ್ತಿದ್ದ.

ಕಿರಿಯವನು ಹೊದಿಕೆಯೊಳಗಿಂದಲೇ, "ಅಣ್ಣ, ನಿನ್ನ ಮದುವಿ ದಿನಾನೂ ಅವ್ವ ರಿಂಗ್ ಕೇಳ್ತಾಳ ನೋಡು. ತಾಳಿ ಕಟ್ಟಿದ ಮ್ಯಾಲ ಒಂದು ರಿಂಗ್!" ಎಂದ.

"ಲೇ, ನೀ ಮೊದಲು ಎದ್ದು ಮುಖ ತೊಳಕೋ. ಆ ಸುದ್ದಿಗೂ ಒಂದು ರಿಂಗ್ ಕೊಟ್ಟುಬಿಡು."

ಮೂವರೂ ನಕ್ಕೆವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ.

ಆ ಸಂಜೆ ಫೋನ್ ಸದ್ದು ಮಾಡಲಿಲ್ಲ. ಘಾಟಿನ ತಿರುವಿನಲ್ಲಿ ಲಾರಿ ಉರುಳಿತ್ತು. ಸುದ್ದಿ ಹೇಳುವವರು ಬಾಗಿಲಿಗೇ ಬಂದರು.

ಅವರಪ್ಪ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಕಿರಿಯವನ ಬಗ್ಗೆ ತೀರ್ಮಾನ ಮಾಡಬೇಕಾದವಳು ನಾನೊಬ್ಬಳೇ. ಸಂಡೂರಿನ ಕಡೆ ಮುಖ ಮಾಡಬಾರದೆಂದು ಅವನಿಂದ ಮಾತು ತೆಗೆದುಕೊಂಡೆ. ಕೆಲವು ತಿಂಗಳಾದ ಮೇಲೆ ಅವನೇ, ಕಂಪ್ಲಿಗೆ ಹೋಗಿ ರೈಸ್ ಮಿಲ್ಲಿನಲ್ಲಿ ದುಡಿಯುತ್ತೇನೆ ಎಂದ. ಮಗಳನ್ನು ಕಂಪ್ಲಿಗೇ ಕೊಟ್ಟಿದ್ದೆವು, ಅವಳ ಮನೆಯಲ್ಲೇ ಉಳಿಯುವುದಾಗಿ ಹೇಳಿದ. ನಾನು ಒಪ್ಪಿದೆ. ಕಂಪ್ಲಿಯ ದಾರಿಯಲ್ಲಿ ಗದ್ದೆ, ಕಬ್ಬು, ಕಾಲುವೆ. ಘಾಟ್ ಇಲ್ಲ.

ಮಗಳು ದಿನಾ ರಾತ್ರಿ ಫೋನ್ ಮಾಡುತ್ತಿದ್ದಳು. "ಉಂಡು ಮಲಗ್ಯಾನವ್ವ" ಎಂದರೆ ನಾನೂ ಎರಡು ತುತ್ತು ಉಣ್ಣುತ್ತಿದ್ದೆ.

ಒಂದು ಅಮಾವಾಸ್ಯೆಗೆ ಅಕ್ಕ ತಮ್ಮ ಇಬ್ಬರೂ ಬಂದರು. ಅವನು ಸೊರಗಿದ್ದ, ಮಾತು ಕಡಿಮೆಯಾಗಿತ್ತು. ಕೊಡ ತಾನೇ ಎತ್ತಿ ನೀರು ತುಂಬಿಸಿದ. ತಲೆಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ಕೂರಿಸಿದೆ.

"ಯವ್ವಾ, ಮೆಲ್ಲಗ! ಕಿವಿ ಕಿತ್ತು ಕೈಯಾಗ ಕೊಡ್ತಿಯೇನು?"

ಶಾಂಪೂ ನೊರೆ ಕೆಂಪಗೆ ಇಳಿಯಿತು. ನೀರು ಹಾಕಿದೆ, ಮತ್ತೆ ಕೆಂಪು. ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ, ಎಲ್ಲ ಕಡೆ. ಈ ಬಣ್ಣವನ್ನು ನಾನು ವರ್ಷಗಟ್ಟಲೆ ಹಿರಿಯವನ ಅಂಗಿಯಿಂದ ತೊಳೆದಿದ್ದೆ.

"ಭತ್ತ ಯಾವಾಗಿಂದ ಕೆಂಪು ಧೂಳು ಉಗುಳಾಕ ಹತ್ತೇತಿ?"

ಬಚ್ಚಲ ಬಾಗಿಲಿಗೆ ಮಗಳು ಬಂದು ನಿಂತಳು. ಅವಳ ಮುಖ ನೋಡಿಯೇ ತಿಳಿಯಿತು.

"ನಿನಗೂ ಗೊತ್ತಿತ್ತು."

"ಹೇಳಿದ್ರ ನೀ ಉಣ್ತಿದ್ದಿಲ್ಲವ್ವ. ಅವನು ಸಂಡೂರಿನಿಂದ ದಿನಾ ನನಗ ಫೋನ್ ಮಾಡಿದ ಮ್ಯಾಲೇ ನಾ ನಿನಗ ಮಾಡ್ತಿದ್ದೆ."

ಚಿಕ್ಕವರಿದ್ದಾಗ ಒಂದು ಬೆಲ್ಲದಚ್ಚಿಗೆ ಜುಟ್ಟು ಹಿಡಿದು ಬಡಿದಾಡಿದವರು, ನನ್ನನ್ನು ಉಣ್ಣಿಸಲು ಕೂಡಿ ಸುಳ್ಳು ಹೇಳಿದ್ದರು. ಸಿಟ್ಟಿಗೆ ತಂಬಿಗೆಯನ್ನು ನೆಲಕ್ಕೆ ಕುಕ್ಕಿದೆ.

"ಮಿಲ್ಲಿನಾಗ ಚೀಲ ಹೊತ್ತು ಮಲಗಿದ್ರೂ ನಿದ್ದಿ ಬರ್ತಿದ್ದಿಲ್ಲ," ಎಂದ ಅವನು ನೆಲ ನೋಡುತ್ತಲೇ. "ಅಣ್ಣನ ಆ ತಿರುವು ಕಣ್ಣಾಗ ಬರ್ತಿತ್ತು. ಮೊದಲು ಕ್ಲೀನರ್ ಅಂತ ಹೋದೆ, ಈಗ ಗಾಡಿ ಕೊಟ್ಟಾರ. ಅಲ್ಲಿ ಬಂದಾಗ ಮೆಲ್ಲಗ ಮಾಡಿ ಒಂದು ಹಾರನ್ ಹೊಡಿತೀನಿ. ಹಿಂದಿನ ಗಾಡಿಯವರು ಬೈತಾರ. ಬೈಲಿ."

"ನಾ ಬ್ಯಾಡ ಅಂದ್ರ?"

"ಬಿಡ್ತೀನಿ."

ಹಳೆಯ ಹುಡುಗನಾಗಿದ್ದರೆ ವಾದ ಮಾಡುತ್ತಿದ್ದ, ಚೊಂಬು ಒದ್ದು ಹೋಗುತ್ತಿದ್ದ. ಇವನು ಬಿಡ್ತೀನಿ ಎಂದು, ನೊರೆ ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ ಕಾಯುತ್ತಿದ್ದ. ಬ್ಯಾಡ ಎಂಬ ಮಾತು ನನ್ನ ಬಾಯಿಯವರೆಗೆ ಬಂತು. ಅದನ್ನು ಹೇಳದೆ ಉಳಿದ ಬಿಸಿನೀರನ್ನು ಅವನ ತಲೆಗೆ ಸುರಿದೆ.

"ಘಾಟ್ ಇಳಿದ ಮ್ಯಾಲ ರಿಂಗ್ ಕೊಡು," ಎಂದೆ.

ಮರುದಿನ ಹೋದ. ಸಂಜೆ ಫೋನಿನ ಮುಂದೆ ಕೂತೆ. ಎದುರು ಮನೆಯ ದೀಪ ಹತ್ತಿತು, ಹಾಲಿನವನು ಬಂದು ಹೋದ. ಫೋನ್ ಸುಮ್ಮನಿತ್ತು. ಮಗಳು ಪಕ್ಕದಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತಾ, ಎಲೆ ನೆಲಕ್ಕೆ ಹಾಕಿ ದಂಟು ಬುಟ್ಟಿಗೆ ಹಾಕುತ್ತಿದ್ದಳು.

ಕೊನೆಗೆ ರಿಂಗ್ ಆಯಿತು. ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಆಗುತ್ತಲೇ ಇತ್ತು. ಏನೋ ಆಗಿದೆ ಎಂದು ಹಿಂದೆ ಸರಿದೆ. ಮಗಳೇ ನನ್ನ ಕೈಗೆ ರಿಸೀವರ್ ಕೊಟ್ಟಳು.

"ಎತ್ತಾಕ ಇಷ್ಟೊತ್ತೇನವ್ವ? ಇಳಿದೆ. ಮಾತಾಡು."

ಅಂದಿನಿಂದ ದಿನಾ ಹಾಗೆಯೇ. ನಾನು ಎತ್ತುವ ತನಕ ಅವನು ಬಿಡುವುದಿಲ್ಲ. ಹಿರಿಯವನು ಮಾಡಿದ ಫೋನನ್ನು ನಾನು ಒಮ್ಮೆಯೂ ಎತ್ತಿರಲಿಲ್ಲ. ಫೋನಿನಲ್ಲಿ ಅವನ ದನಿ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ.