ಬೈಗುಳ ತಿಂದು ಉಸಿರು ಉಳಿಸುವ ಕೆಮ್ಮಕ್ಕ

ಬೆಳಕು ಹರಿಯುವ ಹೊತ್ತು. ಅಪಘಾತ ವಾರ್ಡಿನ ದೀಪಗಳಿನ್ನೂ ಆರಿಲ್ಲ. ಕಟ್ಟಡದ ಸಾರುವೆಯಿಂದ ಬಿದ್ದು ನಾಲ್ಕು ಪಕ್ಕೆಲುಬು ಮುರಿದುಕೊಂಡ ಗಾರೆ ಮೇಸ್ತ್ರಿಯನ್ನು ಐವತ್ತರ ಆಸುಪಾಸಿನ ಆಯಾ ಒಬ್ಬರು ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸುತ್ತಿದ್ದಾರೆ. ಆತನ ಪಕ್ಕೆಯೊಳಗಿಂದ ಹೊರಟ ಕೊಳವೆ ಮಂಚದ ಕೆಳಗಿನ ಬಾಟಲಿ ನೀರಿನಲ್ಲಿ ಮುಳುಗಿದೆ. ಅಲ್ಲಿ ಗುಳುಗುಳು ಗುಳ್ಳೆ. ಹರಿದ ಶ್ವಾಸಕೋಶದಿಂದ ಎದೆಗೂಡಿಗೆ ಸೋರಿದ ಗಾಳಿ ಅದು. ಈ ಆಯಾ ಬಗ್ಗೆ ಬರೆಯಲು ಬಂದ ನಾನು ಮಂಚದ ಪಕ್ಕ ನಿಂತಿದ್ದೇನೆ.

"ದಿಂಬು ಎದೆಗೆ ಅವಚ್ಕೊಳ್ಳಿ ಅಣ್ಣ. ಹಾಂ, ಗಟ್ಟಿಯಾಗಿ. ಈಗ ಕೆಮ್ಮಿ."

"ಆಗಲ್ಲ ತಾಯಿ, ಜೀವ ಹೋಗುತ್ತೆ."

"ಕೆಮ್ಮದಿದ್ರೇನೇ ಹೋಗೋದು. ಕೆಮ್ಮಿ."

ಕೆಮ್ಮಿನ ಜೊತೆ ಚೀತ್ಕಾರ, ಹಿಂದೆಯೇ ಆಕೆಯ ಏಳು ತಲೆಮಾರಿಗೂ ಸಲ್ಲುವಷ್ಟು ಬೈಗುಳ. ಆಕೆ ಕಫದ ಬಟ್ಟಲು ಹಿಡಿದು ನಗುತ್ತಾರೆ. "ಬೈಯಿರಿ, ಬೈಯಿರಿ. ಬೈಯೋಕೂ ಉಸಿರು ಬೇಕಲ್ವಾ?"

ರೋಗಿಗಳು ಇವರಿಗಿಟ್ಟ ಹೆಸರು ಕೆಮ್ಮಕ್ಕ. ಪಕ್ಕೆಲುಬು ಮುರಿದವರಿಗೆ ಒಂದೊಂದು ಆಳದ ಉಸಿರೂ ಚೂರಿ ಇರಿದಂತೆ. ಹಾಗಾಗಿ ಮೇಲುಮೇಲಿನ ಉಸಿರಲ್ಲೇ ಕಾಲ ತಳ್ಳುತ್ತಾರೆ, ಬಂದ ಕೆಮ್ಮನ್ನು ನುಂಗುತ್ತಾರೆ. ಕಫ ಒಳಗೇ ಕಟ್ಟಿಕೊಂಡು ನ್ಯುಮೋನಿಯಾಕ್ಕೆ ತಿರುಗುತ್ತದೆ. ವೈದ್ಯರು ನೋವಿನ ಮದ್ದು ಕೊಟ್ಟು ಹೋದ ಮೇಲೆ ಗಂಟೆಗೊಮ್ಮೆ ಎಬ್ಬಿಸಿ ಕೆಮ್ಮಿಸುವುದು ಇವರ ಪಾಲು. ಹದಿನಾರು ಮಂಚ, ಒಂದು ಸುತ್ತು ಮುಗಿಯುವಷ್ಟರಲ್ಲಿ ಮತ್ತೊಂದು ಶುರು.

ಹದಿನೆಂಟು ವರ್ಷದ ಹಿಂದೆ ಇವರೇ ಇಲ್ಲಿ ಮಲಗಿದ್ದರು. ಬಟ್ಟೆ ಕಾರ್ಖಾನೆಯಿಂದ ಮನೆಗೆ ಮರಳುವಾಗ ಬಸ್ಸು ಮಗುಚಿತ್ತು. ಪಕ್ಕದ ಮಂಚದಲ್ಲಿ ಕಾರ್ಖಾನೆಯ ಗೆಳತಿ.

"ನಂಗೆ ಆರು ಎಲುಬು ಮುರಿದಿತ್ತು, ಅವಳಿಗೆ ಎರಡೇ. ಒಬ್ಬ ನರ್ಸಣ್ಣ ನನ್ನ ಬಿಡದೆ ಕೆಮ್ಮಿಸೋರು. ರಾಕ್ಷಸ ಅಂತ ಶಾಪ ಹಾಕ್ತಿದ್ದೆ. ಅವಳನ್ನ ಮುಟ್ಟೋಕೆ ಅವಳತ್ತೆ ಬಿಡ್ತಿರ್ಲಿಲ್ಲ. 'ಮಗೂಗೆ ನೋಯುತ್ತೆ, ಮಲಗ್ಲಿ ಬಿಡಿ' ಅನ್ನೋರು. ಸೊಸೆ ಮೇಲೆ ಅಷ್ಟು ಪ್ರೀತಿ. ಹಿಂದಿನ ದಿನ ನನ್ನ ಜೊತೆ ನಗ್ತಾ ಮಾತಾಡಿದ್ಲು. ಬೆಳಿಗ್ಗೆ ನೋಡ್ತೀನಿ, ತುಟಿ ನೀಲಿ. ಮೀನಿನ ಥರ ಬಾಯಿ ತೆಗೀತಾ ಇದ್ಲು. ಸಂಜೆಗೆ ಮಂಚ ಖಾಲಿ." ಕೆಮ್ಮಕ್ಕ ನನ್ನ ಮುಖವನ್ನೇ ನೋಡುತ್ತಾರೆ. "ಎರಡೇ ಎಲುಬು ಕಣ್ರೀ!"

ಕರುಣೆಯೇ ಕೊರಳಿಗೆ ಕುಣಿಕೆಯಾಗಬಹುದೆಂದು ನಾನು ಎಂದೂ ಎಣಿಸಿರಲಿಲ್ಲ.

ಚೇತರಿಸಿಕೊಂಡ ಕೂಡಲೇ ಕೆಮ್ಮಕ್ಕ ಇದೇ ವಾರ್ಡಿಗೆ ಬಂದು ಕೆಲಸ ಕೇಳಿದರು. ಎಷ್ಟು ಕೆಮ್ಮಿಸಿದರೂ ಕೆಲವರು ಉಳಿಯುವುದಿಲ್ಲ. ಅಂಥ ದಿನ ಮನೆಗೆ ಹೋದರೆ ಊಟ ಸೇರದು. "ಯಜಮಾನ್ರ ಗೊರಕೆಗೆ ಮೊದಲು ಜಗಳ ಆಡ್ತಿದ್ದೆ. ಈಗ ಅದನ್ನ ಕೇಳಿದ್ರೇನೇ ನಿದ್ದೆ."

ಹತ್ತು ಗಂಟೆಗೆ ಮೊಗಸಾಲೆಯಲ್ಲಿ ಚಹಾ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಉತ್ತರಿಸಲು ಬಾಯಿ ತೆರೆದವರು ವಾರ್ಡಿನ ಬಾಗಿಲ ಕಡೆ ಕಿವಿಗೊಡುತ್ತಾರೆ. ಒಳಗಿನಿಂದ ದಪ್ಪನೆಯ ಕೆಮ್ಮು, ಒಂದು ನರಳಾಟ, ಮತ್ತೊಂದು ಕೆಮ್ಮು.

"ಮೇಸ್ತ್ರಿ ಅಣ್ಣ," ಎನ್ನುತ್ತಾರೆ ಕೆಮ್ಮಕ್ಕ, ದನಿ ತಗ್ಗಿಸಿ. "ನಾನು ಹೇಳದೇನೇ ಕೆಮ್ಮಿದ್ರು ನೋಡಿ."