ಇಲಿ ಕೊಯ್ದ ಕೈ

ನನ್ನ ದೊಡ್ಡಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಅಪ್ಪ ಸತ್ತ ಮೇಲೆ ಮಾಂಬಳ್ಳಿಯ ಮನೆಗೆ ಅವನೇ ಯಜಮಾನ. ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯುವವನಲ್ಲ, ಮನೆಯಲ್ಲಿ ಒಬ್ಬರನ್ನಾದರೂ ಬೈಯದೆ ಪೂಜೆಗೆ ಕೂರುವವನೂ ಅಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಆಣ್ವಿಕ ಜೀವವಿಜ್ಞಾನ ಕಲಿತು, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಲಿಗಳ ಮೇದೋಜೀರಕ ಗ್ರಂಥಿ ಬಿಡಿಸುತ್ತಿದ್ದೆ. ಜಠರದ ಹಿಂದೆ ಅಡಗಿರುವ ಆ ಗ್ರಂಥಿಯಲ್ಲಿ ರಾಗಿಹಿಟ್ಟಿನ ತರಿಯಂಥ ಜೀವಕೋಶಗಳ ಗುಂಪುಗಳಿವೆ. ಇನ್ಸುಲಿನ್ ತಯಾರಾಗುವುದು ಅಲ್ಲೇ. ಆ ಕೋಶಗಳೊಳಗಿನ ಮೈಟೊಕಾಂಡ್ರಿಯಗಳು ಸಕ್ಕರೆಯಿಂದ ಶಕ್ತಿ ಒದಗಿಸದಿದ್ದರೆ ಇನ್ಸುಲಿನ್ ಹೊರಗೆ ಬರುವುದಿಲ್ಲ. ಅದನ್ನು ಅಳೆಯುವುದು ನನ್ನ ಕೆಲಸ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಖುಷಿಪಟ್ಟಾನು ಎಂದು ಒಂದು ರಜೆಯಲ್ಲಿ ಇದನ್ನೆಲ್ಲ ಅವನಿಗೆ ವಿವರಿಸಿದೆ. ಎಂಥ ಪೆದ್ದಿ ನಾನು.

“ಇಲಿ ಕೊಯ್ದ ಕೈ ಅಡುಗೆಮನೆಗೆ ಬರಕೂಡ್ದು. ಆ ಕೆಲ್ಸ ಬುಡೋಗಂಟ ಇವಳ ಎಲೆ ಜಗಲೀಲಿ ಆಕು” ಎಂದು ಅವ್ವನಿಗೆ ಹೇಳಿದ.

ಅವ್ವ ತಲೆ ತಗ್ಗಿಸಿಕೊಂಡು ಹೊರಗೇ ಬಡಿಸಿದಳು. ಬೀದಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ದಿನಾ ಅವನಿಗೆ ಸೂಜಿ ಹಾಕುತ್ತಿದ್ದ ಕಾಂಪೌಂಡರು ಪರವೂರಿಗೆ ಹೋದರು, ಆ ಕೆಲಸ ನನಗೇ ಬಿತ್ತು. ಅಡುಗೆಮನೆಗೆ ಸಲ್ಲದ ಕೈ ಅವನ ತೊಡೆಗೆ ಸಲ್ಲುತ್ತಿತ್ತು, ಮಿಂದು ಬಂದರೆ ಸಾಕು. ಆಗಿನ ಇನ್ಸುಲಿನ್ ತೆಗೆಯುತ್ತಿದ್ದುದು ದನ, ಹಂದಿಗಳ ಮೇದೋಜೀರಕದಿಂದ. ಇದನ್ನು ಅವನ ಮುಖಕ್ಕೆ ಹೇಳಿಬಿಡುತ್ತೇನೆ ಎಂದಾಗ ಅವ್ವ ನನ್ನ ಬಾಯಿ ಮುಚ್ಚಿದಳು.

“ಏಳ್ಬೇಡ ಕಣವ್ವ. ಸೂಜಿ ಬುಟ್ಬುಟ್ರೆ ಸತ್ತೋಯ್ತಾರೆ. ಆಮೇಲೆ ಈ ಮನೇಲಿ ನನ್ನ ಯಾರು ಇಟ್ಕತಾರೆ?”

ಅವಳಿಗೋಸ್ಕರ ನುಂಗಿಕೊಂಡೆ. ನಾನು ಹೊರಡುವ ದಿನ ಬೆಳಿಗ್ಗೆ ದೊಡ್ಡಪ್ಪ ಕಾಲು ಚಾಚಿ ಕೂತು, “ಮಿಂದೇನಮ್ಮಿ? ಮೈಲಿಗೆ ಕೈಲಿ ಮುಟ್ಬ್ಯಾಡ” ಎಂದ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

“ದೊಡ್ಡಪ್ಪ, ಈ ಔಷಧ ಯಾವುದರಿಂದ ಮಾಡ್ತಾರೆ ಗೊತ್ತಾ?”

“ದನದ್ದು. ಹಂದೀದೂ ಇರ್ತದಂತೆ. ಡಾಕ್ಟ್ರು ಮೊದಲ್ನೇ ದಿನವೇ ಏಳಿದ್ರು. ಚುಚ್ಚು.”

ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನನ್ನು ತಡೆಯಲು ಎತ್ತಿದ್ದ ಕೈ ಇಳಿಸಿದಳು.

“ಅಂಗಾದ್ರೆ ನನ್ನ ಎಲೆ ಯಾಕೆ ಜಗಲೀಲಿ?”

“ಅದಿಲ್ದಿದ್ರೆ ನಾ ಸಾಯ್ತೀನಿ ಕಣಮ್ಮಿ” ಎಂದ. “ನೀನಿಲ್ದಿದ್ರೆ ನಂಗೇನಾಯ್ತದೆ?”

ಅಳತೆ ತಪ್ಪದಂತೆ ಸೂಜಿ ಹಾಕಿದೆ. ಚೀಲ ಎತ್ತಿಕೊಂಡು, ನನ್ನ ಜೊತೆ ಬಂದುಬಿಡು ಎಂದು ಅವ್ವನನ್ನು ಕರೆದೆ. ಅವಳು ನಾಳೆ ಸೂಜಿಗೆ ಯಾರನ್ನು ಕರೆಸಲಿ ಎಂದು ಅವನನ್ನು ಕೇಳುತ್ತಿದ್ದಳು.