ಏಳು ಮನೆಗೆ ಹೇಳಿದ ಪಗಾರ

ಪಂಢರಿನಾಥ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ವಾರಾನ್ನದ ಮೇಲೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೆ ಏಳು ಮನೆಗಳ ಊಟ. ಅವನ ಅಕ್ಕ ರಾಧಾಬಾಯಿ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು. ಧಾರವಾಡದಿಂದ ತಮ್ಮನ ಜೊತೆ ಬಂದು, ವಕೀಲ ಪ್ರಲ್ಹಾದರಾಯರ ಮನೆಯಲ್ಲಿ ಅಡುಗೆಗೆ ನಿಂತು ಅವನ ಫೀ ಕಟ್ಟಿದಳು. ಬುಧವಾರ ಅವನು ಉಣ್ಣುತ್ತಿದ್ದುದೂ ಅದೇ ಮನೆಯಲ್ಲಿ. ಇಬ್ಬರೂ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲೇ, ಬಾವಿಯ ಪಕ್ಕದ ಕತ್ತಲೆ ಕೋಣೆಯಲ್ಲಿದ್ದರು. ಹಾಗಾಗಿ ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ.

ಊಟ ಹಾಕುವವರಿಗೆ ಕೇಳುವ ಹಕ್ಕು ತಾನಾಗಿಯೇ ಬಂದುಬಿಡುತ್ತದೆ. ಪರೀಕ್ಷೆ ಮುಗಿದ ಮೇಲೆ ಪಗಾರ ಎಷ್ಟು ಬಂದೀತು ಎಂದು ಏಳೂ ಮನೆಯವರು ಕೇಳುತ್ತಿದ್ದರು. ಮೊದಲ ವರ್ಷ ಅವನು ತಿಂಗಳಿಗೆ ಎಪ್ಪತ್ತೈದು ರೂಪಾಯಿ ಎಂದಿದ್ದ. ಕೊನೆಯ ವರ್ಷಕ್ಕೆ ಅದು ನೂರೈವತ್ತಾಗಿತ್ತು. ಬರೀ ಬಡಾಯಿ ಎನ್ನಲಾರೆ, ಹಿಂದೆ ಒಬ್ಬಿಬ್ಬರಿಗೆ ಸರ್ಕಾರ ಅಷ್ಟು ಕೊಟ್ಟಿತ್ತಂತೆ. ಆದರೆ ನೂರೈವತ್ತು ಎಂದ ದಿನ ಎಲೆಗೆ ತುಪ್ಪ ತುಸು ಹೆಚ್ಚೇ ಬೀಳುತ್ತಿತ್ತು. ಹುಡುಗನಿಗೆ ಅದರ ರುಚಿ ಹತ್ತಿತ್ತು.

ಮೂವತ್ತೊಂದನೆಯ ಇಸವಿಯಲ್ಲಿ ಡಿಗ್ರಿ ಬಂತು, ಕೆಲಸ ಬರಲಿಲ್ಲ. ಎಲ್ಲೆಲ್ಲೂ ಮುಗ್ಗಟ್ಟು, ಸರ್ಕಾರ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಒಬ್ಬ ಗುತ್ತಿಗೆದಾರ ಅರವತ್ತು ರೂಪಾಯಿಗೆ ಕರೆದ. ಇವನು ಒಲ್ಲೆ ಎಂದು ಬಂದ. ನಾನು ಚೆನ್ನಾಗಿ ಬೈದೆ.

“ಏಳೂ ಮನ್ಯಾಗ ನೂರೈವತ್ತು ಅಂತ ಹೇಳೇನ್ರಿ. ಈಗ ಯಾವ ಮುಖಾ ತಗೊಂಡು ಅಡ್ಡಾಡ್ಲಿ?” ಎಂದ.

ಹೊಟ್ಟೆಗಿಲ್ಲದವನಿಗೆ ಮುಖದ ಚಿಂತೆ! ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಹತ್ತು ತಿಂಗಳು ಚಪ್ಪಲಿ ಸವೆಸಿ, ಕೊನೆಗೆ ಅದೇ ಗುತ್ತಿಗೆದಾರನ ಬಾಗಿಲಿಗೆ ಹೋದ. ಆಗ ಸಿಕ್ಕದ್ದು ಪುಣೆಯ ಹೊರಗೆ ಕೊಂಢವಾ ಎಂಬ ಹಳ್ಳಿಯ ಹತ್ತಿರ ಕಲ್ಲು ಒಡೆಯುವವರ ಮೇಲೆ ನಿಗಾ ಇಡುವ ಕೆಲಸ. ಪಗಾರ ಮೂವತ್ತೈದು.

ರಾಧಾಬಾಯಿ ಮಾತ್ರ ಪ್ರಲ್ಹಾದರಾಯರ ಮನೆಯಲ್ಲಿ, ತಮ್ಮನಿಗೆ ನೂರೈವತ್ತರ ಕೆಲಸವೇ ಸಿಕ್ಕಿತು ಎಂದು ಹೇಳಿ ಬಂದಳು. ಅಷ್ಟು ದುಡಿಯುವವನ ಅಕ್ಕ ಇನ್ನೊಬ್ಬರ ಒಲೆ ಊದಿದರೆ ಯಾರು ನಂಬುತ್ತಾರೆ? ಅಡುಗೆ ಕೆಲಸವನ್ನೂ ಬಿಟ್ಟಳು. ಬಾಗಿಲು ಹಾಕಿಕೊಂಡು ಹಪ್ಪಳ ಲಟ್ಟಿಸಿ, ನನ್ನ ಹೆಂಡತಿಯ ಕೈಯಲ್ಲಿ ಗುಟ್ಟಾಗಿ ಮಾರಿಸತೊಡಗಿದಳು. ಅವಳ ಕೆಮ್ಮು ಗೋಡೆಯಾಚೆ ನಮಗೆ ಕೇಳುತ್ತಿತ್ತು.

ಒಂದು ದಿನ ಕೆಮ್ಮಿನಲ್ಲಿ ರಕ್ತ ಬಂತು. ಡಾಕ್ಟರರು ಕ್ಷಯ ಎಂದರು. ಬಡವರಿಗೆ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಸಿಗೆ ಇತ್ತು, ಆದರೆ ಮನೆಯವರು ಬಡವರೆಂದು ಊರಿನ ದೊಡ್ಡ ಮನುಷ್ಯರೊಬ್ಬರು ಬರೆದುಕೊಡಬೇಕಿತ್ತು. ಪಂಢರಿನಾಥ ನನ್ನನ್ನೂ ಕರೆದುಕೊಂಡು ಪ್ರಲ್ಹಾದರಾಯರಲ್ಲಿಗೆ ಹೋದ.

ರಾಯರು ಕೆಟ್ಟವರಲ್ಲ. “ನೂರೈವತ್ತು ಪಗಾರ ತಗೊಳ್ಳಾಂವ ಬಡವ ಅಂತ ನಾ ಹೆಂಗ ಬರದು ಕೊಡ್ಲಿ, ಪಂಢರಿ? ಖರೇ ಬಡವಂದು ಹಾಸಿಗಿ ಕಸಗೊಂಡಂಗ ಆಗೂದಿಲ್ಲೇನು?” ಎಂದರು.

“ಹೌದ್ರಿ” ಎಂದು ಅವನು ಎದ್ದುಬಿಟ್ಟ.

ಹಿಂದಿರುಗಿ ಬಂದು, ನಾನೇ ಹೋಗಿ ನಿಜ ಹೇಳುತ್ತೇನೆ ಎಂದೆ. ರಾಧಾಬಾಯಿ ಮಲಗಿದಲ್ಲೇ ಕೈಮುಗಿದಳು. “ಬ್ಯಾಡ್ರಿ. ಭಾಳ ಕಷ್ಟಪಟ್ಟು ಕಲ್ತಾನ, ಅವನ ಮಾನಾ ಕಳೀಬ್ಯಾಡ್ರಿ” ಎಂದಳು. ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ನನ್ನ ಪಾಪ, ಇನ್ನೊಬ್ಬರ ಮೇಲೆ ಹಾಕಲಾರೆ.

ಹದಿನೆಂಟು ದಿನಕ್ಕೆ ಅವಳು ಹೋದಳು. ನದಿಯ ದಂಡೆಗೆ ಪ್ರಲ್ಹಾದರಾಯರೂ ಬಂದಿದ್ದರು. ಬೆಂಕಿ ಕೊಟ್ಟ ಮೇಲೆ ಪಂಢರಿನಾಥ ನೇರವಾಗಿ ಅವರ ಮುಂದೆ ಬಂದು ನಿಂತ.

“ರಾಯರ, ನನ್ನ ಪಗಾರ ಮೂವತ್ತೈದು ರೂಪಾಯಿ ಅದ ರೀ.”

ರಾಯರು ಅವನ ಹೆಗಲ ಮೇಲೆ ಕೈಯಿಟ್ಟು, ದುಃಖದಲ್ಲಿ ಏನೇನೋ ಅಂತಾನೆ, ಮನೆಗೆ ಕರೆದುಕೊಂಡು ಹೋಗಿ ಎಂದು ನನಗೆ ಹೇಳಿದರು. ಅವನು ಇನ್ನೊಮ್ಮೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅದನ್ನೇ ಹೇಳಿದ. ಯಾರೂ ನಂಬಲಿಲ್ಲ.